ಸೇತುವೆಯ ಗೂಡುಗಳು

ಡ್ರಾಯಿಂಗ್ ಮೇಷ್ಟ್ರಿಗೆ,

ನಮ್ಮ ಕಲ್ಲುಸೇತುವೆಯ ಇತಿಹಾಸವನ್ನು ಕುರಿತ ನನ್ನ ಪುಸ್ತಕದಲ್ಲಿ ಒಂದು ತಪ್ಪಿದೆ. ಅದನ್ನು ಮೊದಲು ತಿದ್ದುತ್ತೇನೆ. ತಡೆಗೋಡೆಯಲ್ಲಿ ಹೊಳೆಯ ಕಡೆಗೆ ಚಾಚಿಕೊಂಡಿರುವ ಗೂಡುಗಳನ್ನು ಕಾವಲಿನ ಸಿಪಾಯಿಗಳಿಗಾಗಿ ಕಟ್ಟಿದ್ದಲ್ಲ. ಇಕ್ಕಟ್ಟಾದ ಸೇತುವೆಯ ಮೇಲೆ ಗಾಡಿ ಎದುರಾದಾಗ ನಡೆದು ಹೋಗುವವರು ಸರಿದು ನಿಲ್ಲಲೆಂದು ಕಟ್ಟಿದ್ದು.

ಪುಸ್ತಕ ಅಚ್ಚಾಗಿ ಬಂದ ದಿನ ಶಿಕ್ಷಕರ ಕೊಠಡಿಯಲ್ಲಿ ಎಲ್ಲರೆದುರು ನೀನು ಇದನ್ನೇ ಹೇಳಿ, "ಅಲ್ಲಯ್ಯಾ, ಹೊಳೆ ಮೀನು ಕಾಯೋಕೆ ಸಿಪಾಯಿ ಬೇಕಿತ್ತಾ?" ಎಂದು ನಕ್ಕೆ. ಅಂದಿನಿಂದ ನಾನು ನಿನ್ನೊಡನೆ ಮಾತು ಬಿಟ್ಟೆ. ಆಮೇಲೆ ಸೇತುವೆಯ ಮೇಲೆ ಎದುರಾದಾಗಲೆಲ್ಲ ನೀನು ಗೂಡಿಗೆ ಸರಿಯುತ್ತಿದ್ದೆ. ಮುಖ ತಪ್ಪಿಸುತ್ತಿದ್ದೀಯೆಂದು ಭಾವಿಸಿ ನಾನು ತಲೆಯೆತ್ತದೆ ದಾಟುತ್ತಿದ್ದೆ. ನೀನು ತೀರಿಹೋದದ್ದನ್ನೂ ಇನ್ನೊಬ್ಬರ ಬಾಯಿಂದ ಕೇಳಿದೆ.

ಇಂದು ಸೇತುವೆಯ ನಡುವೆ ಟ್ರ್ಯಾಕ್ಟರೊಂದು ಎದುರಾಯಿತು. ಗೂಡಿನಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ನಿನ್ನ ಮಗಳು ನನ್ನ ತೋಳು ಹಿಡಿದು ಒಳಗೆಳೆದಳು.

"ಬನ್ನಿ ಕನ್ನಡ ಮೇಷ್ಟ್ರೇ, ಇಬ್ಬರಿಗೆ ಜಾಗ ಇದೆ. ಟ್ರ್ಯಾಕ್ಟರ್‌ಗೆ ನಿಮ್ಮ ವ್ಯಾಕರಣ ಗೊತ್ತಾಗಲ್ಲ, ಗುದ್ದಿಬಿಡತ್ತೆ."

ನಾನು ನಕ್ಕೆ. ಅವಳು ನಗಲಿಲ್ಲ.

"ಅಪ್ಪ ಇಲ್ಲಿ ಯಾವಾಗಲೂ ಒಂದು ಪಕ್ಕಕ್ಕೆ ಒತ್ತಿಕೊಂಡೇ ನಿಲ್ತಿದ್ರು. ಯಾಕಪ್ಪಾ ಅಂದ್ರೆ, 'ಅವನು ಇವತ್ತಾದ್ರೂ ನಿಂತಾನು, ಜಾಗ ಇರಲಿ' ಅಂತಿದ್ರು."

"ಯಾವ ಪಕ್ಕಕ್ಕಮ್ಮಾ?"

"ಎಡಕ್ಕೆ. ಕತ್ತಲಾಗ್ತಿದೆ, ಮನೆವರೆಗೆ ಬಿಡ್ಲಾ?"

"ನೀನು ನಡಿ, ಮಗೂ" ಎಂದೆ.

ಅವಳು ಕಣ್ಮರೆಯಾದ ಮೇಲೂ ನಾನು ಬಹಳ ಹೊತ್ತು ಆ ಗೂಡಿನಲ್ಲಿ, ಬಲ ಪಕ್ಕಕ್ಕೆ ಒತ್ತಿಕೊಂಡು ನಿಂತಿದ್ದೆ.

ಬುಧವಾರ, ಫೆಬ್ರವರಿ ಹನ್ನೆರಡು. ಸಂಜೆ ಏಳೂಕಾಲು ಗಂಟೆ.