ಹೋಗಿ ಬರ್ತೀನಿ ಅಂದ ಭುವನ್

ಗ್ಯೋಟೋಕು, ಜಪಾನ್
೧೦ ನವೆಂಬರ್ ೨೦೨೪, ಭಾನುವಾರ

ಮಗಳೇ ಕಾತ್ಯಾಯಿನಿ,

ನಿನಗೆ ಅಪ್ಪನ ಆಶೀರ್ವಾದ. ಮೈಸೂರಿನಲ್ಲಿ ನಿಮ್ಮತ್ತೆಯವರ ಸೊಂಟ ಹೇಗಿದೆ? ಕೋಲು ಹಿಡಿದು ನಡೆಯುತ್ತಿದ್ದಾರೆಯೇ? ಅವರನ್ನು ಎತ್ತಿ ಕೂರಿಸಲು ಹೋಗಿ ನಿನ್ನ ಬೆನ್ನು ಮುರಿದುಕೊಳ್ಳಬೇಡ. ಇಲ್ಲಿ ನಾನು ಗಟ್ಟಿಯಾಗಿದ್ದೇನೆ, ಮನಸ್ಸೊಂದು ಕುದಿಯುತ್ತಿದೆ. ಯಾಕೆಂದು ಹೇಳುತ್ತೇನೆ, ಕೂತು ಓದು.

ಇದನ್ನು ನನಗೆ ಮೊದಲು ಹೇಳಿದವಳು ನಿನ್ನ ಮಗಳು ಲಾಸ್ಯಾ, ಇವತ್ತು ಸಂಜೆ ಚಪಾತಿ ಲಟ್ಟಿಸುತ್ತಾ. ತಮ್ಮನ ಗುಟ್ಟು ಅಕ್ಕನ ಹೊಟ್ಟೆಯಲ್ಲಿ ಎಷ್ಟು ದಿನ ನಿಂತೀತು? ಭುವನ್‌ನನ್ನು ತಂಡದವರು ಕೈಬಿಟ್ಟಿದ್ದಾರೆ. ಹೈಸ್ಕೂಲಿನಿಂದ ನೇರವಾಗಿ ಬೇಸ್‌ಬಾಲ್ ತಂಡಕ್ಕೆ ಹೋದ ಹುಡುಗ, ಚೆಂಡೆಸೆಯುವುದೇ ಅವನ ಬದುಕು. ಇಷ್ಟು ವರ್ಷಗಳಲ್ಲಿ ದೊಡ್ಡ ಮೈದಾನದಲ್ಲಿ ನಿಂತದ್ದು ಬೆರಳೆಣಿಕೆಯಷ್ಟು ಸಲ. ಉಳಿದದ್ದೆಲ್ಲ ಎರಡನೆಯ ತಂಡ, ಮೊಣಕೈ ಆಪರೇಷನ್, ಮತ್ತೆ ಎರಡನೆಯ ತಂಡ. ಈ ಬೇಸಿಗೆಯಲ್ಲಿ ಕೈ ಹಿಡಿತಕ್ಕೆ ಬಂದಿತ್ತು. ಅವನ ಚೆಂಡು ಬ್ಯಾಟಿನ ಹತ್ತಿರ ಬಂದು ದಬಕ್ಕನೆ ಕೆಳಗಿಳಿಯುತ್ತಿತ್ತು. ಈಗ ಸಾಕು ಅಂದರು.

ಅನ್ನಲಿ, ನನ್ನ ಸಿಟ್ಟು ಅದಕ್ಕಲ್ಲ. ತಂಡದ ಆಫೀಸಿನ ಹಿರಾನೋ ಸಾನ್ ಇವನನ್ನು ಕರೆದು, ನಮ್ಮ ಆಟಗಾರರ ಬ್ಯಾಟಿಂಗ್ ಅಭ್ಯಾಸಕ್ಕೆ ಚೆಂಡು ಹಾಕಿಕೊಡುವ ಕೆಲಸವಿದೆ, ಯೋಚಿಸಿ ನೋಡಿ ಎಂದರಂತೆ. ಅಂದರೆ ದಿನವಿಡೀ ಹೊಡೆಸಿಕೊಳ್ಳಲೆಂದೇ ಎಸೆಯಬೇಕು, ಪಂದ್ಯಕ್ಕೆ ಇಳಿಯುವ ಹಾಗಿಲ್ಲ. ಇವನಿಗೆ ಅದು ಬೇಡ. ಕೈಬಿಟ್ಟ ಆಟಗಾರರನ್ನು ಬೇರೆ ತಂಡಗಳವರು ಬಂದು ನೋಡುವ ಪರೀಕ್ಷೆ ಗುರುವಾರ ಇದೆ, ಅಲ್ಲಿ ಎಸೆಯಬೇಕೆಂದು ಆಸೆ. ಹಾಗೆಂದು ಹೇಳಬೇಕಿತ್ತು ತಾನೇ? ಅದು ಬಿಟ್ಟು ಬಗ್ಗಿ ನಮಸ್ಕರಿಸಿ ಎದ್ದ. ಹೊರಡುವಾಗ 'ಹೋಗ್ತೀನಿ' ಅನ್ನಬಾರದೆಂದು ಚಿಕ್ಕಂದಿನಿಂದ ಬಾಯಿಪಾಠ ಮಾಡಿಸಿದ್ದೇವಲ್ಲ, ಗಾಬರಿಯಲ್ಲಿ ಅದೇ ನಾಲಿಗೆಗೆ ಬಂದು, ಬಾಗಿಲಲ್ಲಿ ನಿಂತು 'ಹೋಗಿ ಬರ್ತೀನಿ' ಎಂಬುದನ್ನು ಜಪಾನಿಯಲ್ಲಿ ಹೇಳಿದ: ಇತ್ತೆಕಿಮಾಸು. ಇಲ್ಲಿ ಆ ಮಾತನ್ನು ತಿರುಗಿ ಬರುವ ಜಾಗದಿಂದ ಹೊರಡುವಾಗ ಮಾತ್ರ ಹೇಳುತ್ತಾರೆ. ಹುಡುಗ ನಮ್ಮಲ್ಲೇ ಇರಲು ಒಪ್ಪಿದ ಎಂದುಕೊಂಡು ಹಿರಾನೋ ಸಾನ್ ಕಣ್ಣಲ್ಲಿ ನೀರು ತಂದುಕೊಂಡರು! ಮಾರನೆಯ ದಿನವೇ ಹೊಸ ಜಾಕೆಟ್ಟಿಗೆ ಅಳತೆ ಕೇಳಿದರಂತೆ.

ನಗುತ್ತಾ ಶುರುಮಾಡಿದ ಲಾಸ್ಯಾ ಇಲ್ಲಿಗೆ ಬರುವಷ್ಟರಲ್ಲಿ ಲಟ್ಟಣಿಗೆ ಕುಕ್ಕಿದಳು. "ಅಳತೆನೂ ಕೊಟ್ಟಿದಾನೆ ತಾತಾ, ಪೆದ್ದ! ಎಲ್ ಸೈಜಂತೆ!" ಅವನೋ, "ಅವ್ರು ಎಷ್ಟ್ ಹ್ಯಾಪಿಯಾಗಿದ್ರು ತಾತಾ, ನೋ ಅಂತ ಹೇಗ್ ಹೇಳ್ಲಿ? ಇಟ್ಸ್ ರೂಡ್" ಅನ್ನುತ್ತಾನೆ. ನನಗೆ ತಡೆಯಲಾಗಲಿಲ್ಲ. "ಮರ್ಯಾದೆಗೆ ಅಂತ ಕೈನೇ ದಾನ ಕೊಡ್ತೀಯೇನೋ? ಹಿರಾನೋ ಸಾನ್ ಏನು ನಿನಗೆ ಹೆಣ್ಣು ಕೊಟ್ಟ ಮಾವನಾ?" ಎಂದು ಕೂಗಿಬಿಟ್ಟೆ. ಪಕ್ಕದ ಮನೆಯವರು ಗೋಡೆ ತಟ್ಟಿದರು. ಇವನು ಆ ಗೋಡೆಗೂ ಬಗ್ಗಿ 'ಸುಮಿಮಾಸೆನ್' ಎಂದು ಕ್ಷಮೆ ಕೇಳಿದ! ಇಂಥವನನ್ನು ಏನು ಮಾಡಲಿ, ನೀನೇ ಹೇಳು.

ನಿಮ್ಮತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಚೆನ್ನಾಗಿರು.

ನಿನ್ನ ಅಪ್ಪ
ರಮಾಕಾಂತ

ತಡೆ, ಇನ್ನೊಂದು ಮಾತು. ಸೋಮವಾರ ಬೆಳಗ್ಗೆ ಪಾರ್ಕಿನ ಬೆಂಚಿನ ಮೇಲೆ ಕೂತು ಸೇರಿಸುತ್ತಿದ್ದೇನೆ. ಲಾಸ್ಯಾ ಇದರ ಫೋಟೋ ತೆಗೆದು ಈಗಲೇ ನಿನಗೆ ಕಳಿಸುತ್ತಾಳೆ. ಆಫೀಸು ತೆರೆಯುತ್ತಲೇ ಭುವನ್ ಫೋನ್ ಮಾಡಿದ. ಕಾಣದ ಮನುಷ್ಯನಿಗೆ ಬಗ್ಗಿ ಬಗ್ಗಿ ಮಾತಾಡಿದ, ಆದರೆ ಬೇಡವೆಂದ. ಗುರುವಾರದೊಳಗೆ ಅವನು ನಿನಗೂ ಫೋನ್ ಮಾಡಿಯಾನು. ಆಗ 'ಹೋಗ್ಲಿ ಬಿಡು ಕಂದಾ' ಅಂತ ಮಾತ್ರ ಅನ್ನಬೇಡ. ನೀನು ಅಂದರೆ ಪರೀಕ್ಷೆಯನ್ನು ಬಿಟ್ಟೇಬಿಡುತ್ತಾನೆ. ಲಾಸ್ಯಾ ಕೆಲಸಕ್ಕೆ ರಜೆ ಹಾಕಿ ಅವನೆದುರು ಗ್ಲೋವ್ ತೊಟ್ಟು ಕುಕ್ಕರಗಾಲಲ್ಲಿ ಕೂತಿದ್ದಾಳೆ. ಮೆಲ್ಲಗೆ ಎಸೆದರೂ ಅಂಗೈ ಕೆಂಪಗೆ ಊದಿದೆ. ಆದರೂ ಕಿರುಚುತ್ತಿದ್ದಾಳೆ: "ಜೋರಾಗ್ ಹಾಕೋ, ನಾನೇನು ಹಿರಾನೋ ಸಾನಾ?"