ಪ್ರೇತಕ್ಕೆ ಬೆಂಗಳೂರಿನ ಸ್ವರ

ರತನ್,

ಮೀನು ಮಾರಲು ಪೇಟೆಗೆ ಹೊರಟೆ. ಬಂಗುಡೆ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೋ. ಹತ್ತು ಗಂಟೆಗೆ ಅಮ್ಮನ ಕಣ್ಣಿಗೆ ಮದ್ದು ಬಿಡು. ಪ್ರೇತದ ವಿಗ್ ತೊಳೆದು ಬಚ್ಚಲಿನ ಬಾಗಿಲಿಗೆ ನೇತುಹಾಕಿದ್ದೇನೆ. ಇನ್ನು ಅದನ್ನು ಯಾರ ತಲೆಗೆ ಬೇಕಾದರೂ ಹಾಕು.

ನಿನ್ನ ಸಿನಿಮಾದ ಟ್ರೈಲರ್ ನಿನ್ನೆ ನೋಡಿದೆ. ಪ್ರೇತದ ಮುಖ ನನ್ನದು, ಬಾಯಿ ನನ್ನದು, ಮಾತು ಬೆಂಗಳೂರಿನ ಯಾವುದೋ ಹುಡುಗಿಯದು. "ಜಲಜಕ್ಕ, ನಿನ್ ಸ್ವರ ಇದ್ರೆ ಸಾಕ್, ಜನ ಹೆದ್ರೂಕೆ ಬೇರೆ ಎಂತದೂ ಬ್ಯಾಡ" ಎಂದು ನನ್ನನ್ನು ಒಪ್ಪಿಸಿದವನು ನೀನು. ಆ ಒಂದು ಮಾತಿಗೆ ವಂಡ್ಸೆಯಲ್ಲಿ ಹಲಸಿನ ಮರಕ್ಕೆ ಹಗ್ಗ ಕಟ್ಟಿಸಿಕೊಂಡು ನೇತಾಡಿದೆ. ಸ್ಟಂಟಿನವರನ್ನು ಕರೆಸುವ ಶಕ್ತಿ ನಿನಗಿಲ್ಲವೆಂದು ಹೀರೋನ ಒದೆಯನ್ನೂ ನಾನೇ ತಿಂದೆ. ಬಲಗೈ ಈಗಲೂ ಬುಟ್ಟಿ ಎತ್ತುವುದಿಲ್ಲ. ಅದಕ್ಕೆ ಬೇಸರವಿಲ್ಲ. ಪ್ರೇತಕ್ಕೆ ನಮ್ಮ ಮಾತು ಒಪ್ಪುವುದಿಲ್ಲ ಎಂದು ಯಾರೋ ಹೇಳಿದರಂತೆ, ನೀನು ತಲೆಯಾಡಿಸಿದೆಯಂತೆ. ನಿನ್ನ ಕತೆಯಲ್ಲಿ ಬೈಂದೂರಿನ ಬಾವಿಗೆ ಬಿದ್ದು ಸತ್ತ ಹೆಂಗಸು ಬೆಂಗಳೂರಿನ ಕನ್ನಡ ಎಲ್ಲಿ ಕಲಿತಳು, ಅದನ್ನಾದರೂ ಕೇಳಿದೆಯಾ?

ಸಂಜೆ ಹಾಲಾಡಿಯಲ್ಲಿ ಸಿನಿಮಾ ತೋರಿಸುವಾಗ ನಾನು ಬರುವುದಿಲ್ಲ. ಅಮ್ಮನನ್ನು ಕರೆದುಕೊಂಡು ಹೋಗು. ಅವಳ ಹಸಿರು ಸೀರೆ ಮಡಚಿಟ್ಟಿದ್ದೇನೆ. ಬೆಳಿಗ್ಗೆಯಿಂದ ಅವಳದು ಒಂದೇ ಮಾತು, "ಕಣ್ ಕಾಣ್ದಿದ್ರೆ ಎಂತ ಆಯ್ತ್, ಮಗಳ್ ಸ್ವರ ಕೇಂಡ್ರೆ ನಂಗೆ ಗೊತ್ತಾತಿಲ್ಯಾ?" ಅವಳಿಗೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

ನೀನು ಅವಳ ಪಕ್ಕದಲ್ಲೇ ಕೂತುಕೋ. ಸಿನಿಮಾ ಮುಗಿಯುವವರೆಗೂ ಅವಳು ನಿನ್ನನ್ನು ಕೇಳುತ್ತಲೇ ಇರುತ್ತಾಳೆ, "ಜಲಜ ಇನ್ನೂ ಬರ್ಲಿಲ್ಯಾ?" ಎಂದು.