ಮತದಲ್ಲಿ ಸೋತವನ ಸರದಿ

ಅಕ್ಕಾ,

ಕಸ ಗುಡಿಸುವ ಹೆಂಗಸರಿಗೆ ಕಾಯಂ ಕೆಲಸ ಕೊಡಿಸುತ್ತೇವೆ ಅಂದಿದ್ದೆವು, ಕೊಡಿಸಲಿಲ್ಲ. ಗವಸು, ಬೂಟು ಅಂದಿದ್ದೆವು, ಅದೂ ಇಲ್ಲ. ಅವರನ್ನು ದುಡಿಸುವ ಗುತ್ತಿಗೆದಾರರ ಪಕ್ಷದ ಜೊತೆ ಸತ್ತರೂ ಸೇರುವುದಿಲ್ಲ ಅಂದಿದ್ದೆವು. ಇವತ್ತು ಸೇರಿದೆವು.

ಹೊಲಿಗೆ ಅಂಗಡಿಯ ಮೇಲೆ ನಮ್ಮ ಪಕ್ಷದ ಅದೇ ಕೋಣೆ, ಒಂಬತ್ತು ಜನ. ಗುತ್ತಿಗೆದಾರರ ಪಕ್ಷದವರು ನಗರಸಭೆ ಚುನಾವಣೆಯಲ್ಲಿ ನಮಗೊಂದು ಸೀಟು ಬಿಟ್ಟುಕೊಡುತ್ತಾರಂತೆ, ನಾವು ಕಾಯಂ ಕೆಲಸದ ಮಾತೆತ್ತಬಾರದಂತೆ.

"ಇಪ್ಪತ್ತು ವರ್ಷ ಗಂಟಲು ಹರ್ಕೊಂಡು ಏನು ಕಿತ್ತು ಹಾಕಿದ್ವಿ? ಒಳಗೆ ಹೋದ್ರೆ ಗವಸಾದ್ರೂ ತರಬಹುದು," ಅಂದರು ನಮ್ಮ ಅಧ್ಯಕ್ಷರಾದ ಮೇಷ್ಟ್ರು. ಆ ಮಾತು ಪೂರ್ತಿ ಸುಳ್ಳಲ್ಲ, ಅದೇ ಸಂಕಟ. ಬೇಡ ಅಂತ ಕೈ ಎತ್ತಿದವನು ನಾನೊಬ್ಬನೇ.

ಮೇಷ್ಟ್ರು ನಕ್ಕರು. "ಮತದಲ್ಲಿ ಸೋತವರೇ ಹೋಗಿ ಜನರಿಗೆ ತೀರ್ಮಾನ ಹೇಳ್ಬೇಕು. ನಿಯಮ ನಿಂದೇ ಅಲ್ವೇನಯ್ಯಾ?"

ನನ್ನದೇ. ಮುಷ್ಕರ ಹಿಂದಕ್ಕೆ ಪಡೆಯುವುದು ಬೇಡ ಅಂದು ನೀನು ಮತದಲ್ಲಿ ಸೋತ ದಿನ ಆ ನಿಯಮವನ್ನೇ ಓದಿ ನಿನ್ನನ್ನು ಆ ಹೆಂಗಸರ ಮುಂದೆ ನಿಲ್ಲಿಸಿದವನು ನಾನು. ನೀನು ತಲೆ ಎತ್ತದೆ ಹೇಳಿ ಮುಗಿಸಿದೆ. ಮಾರನೇ ದಿನದಿಂದ ಕೋಣೆಗೆ ಬರಲಿಲ್ಲ. ನಾನು ಕರೆಯಲು ಬರಲಿಲ್ಲ, ಅಂಚೆಗೆ ಹಾಕದ ಈ ಕಾಗದವೂ ಬರುವುದಿಲ್ಲ.

ನಾನು ಪಕ್ಷ ಬಿಟ್ಟರೆ ಆ ಹೆಂಗಸರಿಗೆ ಸುದ್ದಿ ಗುತ್ತಿಗೆದಾರನ ಬಾಯಿಂದ ಹೋಗುತ್ತದೆ. ಬಿಡದಿದ್ದರೆ ನನ್ನ ಬಾಯಿಂದ. ಸಭೆ, ಅವರು ಹಾಜರಿ ಹಾಕುವ ಗೇಟಿನ ಮುಂದೆ, ಗುರುವಾರ, ಬೆಳಗಿನ ಆರು ಗಂಟೆಗೆ.